ನಮ್ಮ ಆರು ಬೋಟುಗಳು ದಿಲ್ಲಿಗೆ ಹೋದ ಕಥೆ

2014ರ ಆಗಸ್ಟ್ 16, ಶನಿವಾರ. ಡೊಂಬಿವಿಲಿಯ ನಮ್ಮ ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆವು. ಮುಂಬಯಿಯ ನೌಕಾ ಡಾಕ್‌ಯಾರ್ಡಿನಲ್ಲಿ ಐಎನ್‌ಎಸ್ ಕೋಲ್ಕತ್ತ ಯುದ್ಧನೌಕೆಯನ್ನು ಪ್ರಧಾನಿ ನರೇಂದ್ರ ಮೋದಿ ನೌಕಾಪಡೆಗೆ ಸೇರಿಸುವ ಸಮಾರಂಭ ಬರುತ್ತಿತ್ತು. ಬ್ಯಾಂಡು, ಬಿಳಿ ಸಮವಸ್ತ್ರ, ಬಾವುಟ. ಪಕ್ಕದ ಮನೆಯ ಶೆಟ್ಟರು ಚಹಾ ಕುಡಿಯುತ್ತಾ, "ಎಷ್ಟು ಚಂದ ಉಂಟಲ್ಲ ಮಾರಾಯ್ರೆ, ನಮ್ಮ ಮಜಗಾಂವ್‌ನಲ್ಲೇ ಕಟ್ಟಿದ್ದಂತೆ" ಅಂದರು. ಹೌದು ಅಂದುಬಿಟ್ಟಿದ್ದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದು "3,580".

"ಎಂತದು?" ಅಂದರು ಶೆಟ್ಟರು.

ಹೆಂಡತಿ ಅಡುಗೆಮನೆಯಿಂದಲೇ, "ಅವರನ್ನು ಬಿಡಿ ಶೆಟ್ರೇ, ಮದುವೆಮನೆಯಲ್ಲೂ ಊಟದ ಎಲೆ ಎಣಿಸುವವರು" ಅಂದಳು.

3,580 ಕೋಟಿ ರೂಪಾಯಿ. ಆ ಮಾದರಿಯ ಮೂರು ಹಡಗುಗಳಿಗೆ 2000ದಲ್ಲಿ ಸಿಕ್ಕಿದ್ದ ಮಂಜೂರಾತಿ. 2010-11ರ ಸಿಎಜಿ ವರದಿ, ಅಂದರೆ ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರ ವರದಿ, ಬರುವ ಹೊತ್ತಿಗೆ ಅದು 11,662 ಕೋಟಿ ಆಗಿತ್ತು. ಅದೇ ವರದಿಯಲ್ಲಿ ಶಿವಾಲಿಕ್ ಮಾದರಿಯ ಮೂರು ಹಡಗುಗಳ ಲೆಕ್ಕವೂ ಇದೆ: 2,250 ಕೋಟಿಯಿಂದ 8,101 ಕೋಟಿ. ಹಡಗು ಚಂದ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೂವತ್ತು ವರ್ಷ ಆಡಿಟ್ ಮಾಡಿದವನಿಗೆ ಹಡಗು ಕಂಡರೆ ಅದರ ಹಿಂದೆ ಫೈಲಿನ ಟ್ಯಾಗು ಕಾಣುತ್ತದೆ, ಏನು ಮಾಡುವುದು?

ಶೆಟ್ಟರು ಅವತ್ತು ಒಂದು ಪ್ರಶ್ನೆ ಕೇಳಿದರು. "ಇಷ್ಟು ದುಡ್ಡು ಹೋಗುವಾಗ ಪಾರ್ಲಿಮೆಂಟಿನವರು ನೋಡುವುದಿಲ್ವಾ?" ನೋಡುತ್ತಾರೆ. ಹೇಗೆ ನೋಡುತ್ತಾರೆ, ಯಾವಾಗ ನೋಡುತ್ತಾರೆ ಅನ್ನುವುದನ್ನು ಅವರಿಗೆ ದೊಡ್ಡ ಹಡಗಿನ ಮೇಲೆ ಹೇಳಲಿಲ್ಲ. ನನ್ನ ಆರು ಬೋಟುಗಳ ಮೇಲೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗಂಗೊಳ್ಳಿಯವನು. 1984ರಲ್ಲಿ ಮುಂಬಯಿಯಲ್ಲಿ ಕೇಂದ್ರ ಸರ್ಕಾರದ ಆಡಿಟ್ ಕೆಲಸಕ್ಕೆ ಸೇರಿದೆ. ನಮ್ಮಲ್ಲಿ ನಾಲ್ಕು ಜನರ ತಂಡಕ್ಕೆ 'ಆಡಿಟ್ ಪಾರ್ಟಿ' ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನನ್ನ ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದರು, ಅಳಿಯನಿಗೆ ದಿನಾ ಪಾರ್ಟಿ ಇರುತ್ತದಂತೆ ಅಂತ. ನಿಜ ಏನೆಂದರೆ, ಆಡಿಟ್ ಮಾಡುವ ಕಚೇರಿಯಲ್ಲಿ ನಾವು ಒಂದು ಬಿಸ್ಕತ್ತು ತಿನ್ನುವುದಕ್ಕೂ ಯೋಚಿಸುತ್ತಿದ್ದೆವು. ಮನೆಯಿಂದ ಡಬ್ಬಿ, ಚಹಾಕ್ಕೆ ನಮ್ಮದೇ ಚಿಲ್ಲರೆ. ನಮ್ಮ ಪಾರ್ಟಿಯ ಹಿರಿಯರು ಧಾರವಾಡದವರು. ಎಲ್ಲರೂ ಅವರನ್ನು ರಾಯರು ಅನ್ನುತ್ತಿದ್ದರು. ಅವರ ನಿಯಮ ಒಂದೇ: "ತಮ್ಮಾ, ಚಾ ಕುಡದ ಮ್ಯಾಲ ಬರೆಯೋ ಕೈ ಮೆತ್ತಗಾಗ್ತದ. ನಮ್ಮ ಚಾ ನಾವ ಕುಡಿಯೋಣು."

1996ರ ಮಳೆಗಾಲ. ಬಂದರಿನ ಕಡೆಯ ಒಂದು ಸರ್ಕಾರಿ ಕಚೇರಿಗೆ ನಮ್ಮನ್ನು ಹಾಕಿದರು. ಯಾವ ಕಚೇರಿ ಅಂತ ಹೇಳುವುದಿಲ್ಲ. ಆ ಸುತ್ತಿನಲ್ಲಿ ಅಂಥವು ಹತ್ತಾರು ಇವೆ. ಅವರು ತಮ್ಮ ಕೆಲಸಕ್ಕೆ ಆರು ಸಣ್ಣ ಬೋಟುಗಳನ್ನು ಕಟ್ಟಿಸಲು ಕೊಟ್ಟಿದ್ದರು. ಬೋಟಿಗೆ ಎರಡರಂತೆ ಹನ್ನೆರಡು ಎಂಜಿನ್. ಬೋಟಿನ ಒಡಲು ಒಬ್ಬರ ಹತ್ತಿರ, ಎಂಜಿನ್ ಇನ್ನೊಬ್ಬರ ಹತ್ತಿರ. ಕಾಗದದ ಮೇಲೆ ಎಲ್ಲ ಸರಿ. ಟೆಂಡರ್ ಕರೆದಿದ್ದರು. ಕಡಿಮೆ ಬೆಲೆ ಹೇಳಿದವನಿಗೇ ಕೊಟ್ಟಿದ್ದರು. ಹಣಕಾಸಿನವರ ಸಹಿ ಇತ್ತು. ನಾನು ಎರಡು ದಿನ ಆ ಫೈಲು ತಿರುವಿ, ಏನೂ ಇಲ್ಲ ಅಂತ ಮುಚ್ಚಿಟ್ಟೆ.

ಸಿಕ್ಕಿದ್ದು ಆ ಫೈಲಿನಲ್ಲಿ ಅಲ್ಲ, ಗೋದಾಮಿನ ಲೆಡ್ಜರಿನಲ್ಲಿ. ಮಳೆ ಜೋರಾಗಿ ಹಾರ್ಬರ್ ಲೈನಿನ ಗಾಡಿ ನಿಂತಿದ್ದ ದಿನ ಅದು. ಸಂಜೆ ಹೊರಡುವ ಹಾಗಿರಲಿಲ್ಲ. ಸುಮ್ನೆ ಕೂರುವ ಬದಲು ಸ್ಟೋರಿನ ಲೆಡ್ಜರ್ ತರಿಸಿಕೊಂಡೆ. ಎಂಜಿನ್‌ಗಳು ಬಂದ ತಾರೀಕು ಒಂದು ಪುಟದಲ್ಲಿತ್ತು. ಒಡಲುಗಳನ್ನು ನೀರಿಗಿಳಿಸಿದ ತಾರೀಕು ಇನ್ನೊಂದು ಫೈಲಿನಲ್ಲಿ. ಎರಡನ್ನೂ ಒಂದೇ ಹಾಳೆಯ ಮೇಲೆ ಪಕ್ಕಪಕ್ಕ ಬರೆದೆ. ಎಂಜಿನ್‌ಗಳು ಎರಡು ವರ್ಷ ಮೊದಲೇ ಬಂದಿದ್ದವು. ವಾರಂಟಿ ಹನ್ನೆರಡು ತಿಂಗಳು, ಗೋದಾಮಿಗೆ ಬಂದ ದಿನದಿಂದ. ಅಂದರೆ ಒಂದು ಹನಿ ಡೀಸೆಲ್ ಕುಡಿಯುವ ಮೊದಲೇ ಹನ್ನೆರಡೂ ಎಂಜಿನ್‌ಗಳ ವಾರಂಟಿ ಮುಗಿದಿತ್ತು. ಬೋಟಿಗೆ ಕೂರಿಸಿದ ಮೇಲೆ ಅವುಗಳಲ್ಲಿ ಮೂರು ಕೆಟ್ಟವು. ರಿಪೇರಿಗೆ ಬೇರೆ ದುಡ್ಡು ಕೊಟ್ಟಿದ್ದರು. ಆ ಬಿಲ್ಲು ನಾನು ಮೊದಲೇ ನೋಡಿದ್ದೆ. ಬಿಲ್ಲು ಸರಿಯಾಗಿತ್ತು, ಹಾಗಾಗಿ ಅದರ ಮೇಲೆ ನಿಲ್ಲಲೇ ಇಲ್ಲ.

ರಾಯರಿಗೆ ತೋರಿಸಿದೆ. ಅವರು ಹಾಳೆ ನೋಡಿ ಕನ್ನಡಕ ತೆಗೆದರು. "ಹಾಫ್ ಮಾರ್ಜಿನ್ ಬರಿ" ಅಂದರು.

ಹಾಫ್ ಮಾರ್ಜಿನ್ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಹಾಳೆಯನ್ನು ಉದ್ದಕ್ಕೆ ಮಡಚಬೇಕು. ಅರ್ಧದಲ್ಲಿ ನಮ್ಮ ಪ್ರಶ್ನೆ. ಉಳಿದರ್ಧ ಅವರ ಉತ್ತರಕ್ಕೆ ಖಾಲಿ. ಸಂಸತ್ತು, ಸಮಿತಿ, ಸಿಎಜಿ ಅಂತ ಟಿವಿಯಲ್ಲಿ ಕೇಳುವ ದೊಡ್ಡ ಮಾತುಗಳೆಲ್ಲ ಶುರುವಾಗುವುದು ಈ ಮಡಚಿದ ಹಾಳೆಯಿಂದ. ನಾನು ನಾಲ್ಕು ಸಾಲು ಬರೆದು ಕೊಟ್ಟೆ. ಹತ್ತು ದಿನ ಬಿಟ್ಟು ಖಾಲಿ ಅರ್ಧದಲ್ಲಿ ಉತ್ತರ ಬಂತು: ವಿಷಯ ಪರಿಶೀಲನೆಯಲ್ಲಿದೆ. ಮತ್ತೆ ಕೇಳಿದೆ. ಎಂಜಿನ್ ಬೆಲೆ ಏರುವ ಮೊದಲೇ ಕೊಂಡಿದ್ದರಿಂದ ಸರ್ಕಾರಕ್ಕೆ ಉಳಿತಾಯವಾಗಿದೆ ಅಂದರು. ಇದು ಕೇಳುವುದಕ್ಕೆ ಚೆನ್ನಾಗಿತ್ತು. ಒಂದು ಗಳಿಗೆ ನಾನೇ ನಂಬಿದೆ.

ಆ ವಾರ ಊರಿನಿಂದ ನನ್ನ ಸೋದರಮಾವ ಬಂದಿದ್ದರು. ಗಂಗೊಳ್ಳಿಯಲ್ಲಿ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಕಣ್ಣು ತೋರಿಸಲು ಬಂದವರು, ಕಣ್ಣಿನ ಕೆಲಸ ಮುಗಿದ ಮೇಲೆ ಭಾವುಚಾ ಧಕ್ಕಾ ನೋಡಬೇಕು ಅಂದರು. ಬೋಟು ನಿಲ್ಲುವ ಕಟ್ಟೆಗೆ ನಮ್ಮೂರಲ್ಲಿ ಹೇಳುವ ಧಕ್ಕೆ ಎಂಬ ಮಾತು ಮರಾಠಿಯಲ್ಲೂ ಉಂಟಲ್ಲ ಅಂತ ಅವರಿಗೆ ಖುಷಿ. ಅಲ್ಲಿ ಮೀನಿನ ಬೋಟು ನೋಡುತ್ತಾ ನಿಂತಾಗ, ಕಚೇರಿಯ ಹೆಸರು ಹೇಳದೆ, ಒಬ್ಬರು ಹೀಗೆ ಮಾಡಿದ್ದಾರೆ ಅಂತ ಕೇಳಿದೆ.

"ಬೋಟ್ ಇಲ್ದೆ ಮಷಿನ್ ತಂದ್ ಇಟ್ಕಂಡ್ರಾ?" ಅಂದರು ಮಾವ.

"ಹೌದು ಮಾವ. ಎರಡು ವರ್ಷ."

"ಉಪ್ಪಿನ್ ಗಾಳಿ ಮಷಿನ್ ತಿಂತ್ ಮಾರಾಯ. ಆಗಾಗ ಎಣ್ಣಿ ಬಿಟ್ಟ್ ಕೈಯಂಗಾದ್ರೂ ತಿರ್ಗ್ಸ್ಕ್. ಅವ್ರ್ ತಿರ್ಗ್ಸಿದ್ರಾ?"

ನನಗೆ ಹೊಳೆದೇ ಇರಲಿಲ್ಲ. ಮರುದಿನ ಬೆಳಿಗ್ಗೆ ಮೂರನೆಯ ಹಾಫ್ ಮಾರ್ಜಿನ್ ಬರೆದೆ: ಗೋದಾಮಿನಲ್ಲಿದ್ದಾಗ ಎಂಜಿನ್‌ಗಳನ್ನು ಕಾಪಾಡಿದ್ದಕ್ಕೆ ಇಟ್ಟ ರಿಜಿಸ್ಟರ್ ತೋರಿಸಿ. ರಿಜಿಸ್ಟರ್ ಇರಲಿಲ್ಲ. ತಿರುಗಿಸಬೇಕು ಅಂತ ಎಂಜಿನ್ ಜೊತೆ ಬಂದ ಪುಸ್ತಕದಲ್ಲೇ ಬರೆದಿತ್ತು. ಆ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನೇ ಯಾರೂ ಬಿಚ್ಚಿರಲಿಲ್ಲ. ನಮ್ಮ ವರದಿಯಲ್ಲಿ ಕೊನೆಗೆ ಗಟ್ಟಿಯಾಗಿ ನಿಂತದ್ದು ಇದೊಂದೇ ಮಾತು. ಮಾವನ ಹೆಸರು ಎಲ್ಲಿಯೂ ಬರಲಿಲ್ಲ.

ಇಷ್ಟಾಗುವಾಗ ಆ ಕಚೇರಿಯ ಒಬ್ಬ ಹಿರಿಯ ಎಂಜಿನಿಯರು ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದರು. ಬೈಯಬಹುದು ಅಂದುಕೊಂಡೆ. ಬೈಯಲಿಲ್ಲ. ನಡೆದದ್ದನ್ನು ಹೇಳಿದರು. ಬೋಟು ಬೇಕು ಅಂದವರು ಆರ್ಡರ್ ಕೊಟ್ಟ ಮೇಲೆ ಮೂರು ಸಲ ಮನಸ್ಸು ಬದಲಿಸಿದರು. ಒಮ್ಮೆ ಸಣ್ಣ ಕ್ರೇನು ಬೇಕು ಅಂದರು. ಒಮ್ಮೆ ಕ್ಯಾಬಿನ್ ದೊಡ್ಡದಾಗಲಿ ಅಂದರು. ಆಮೇಲೆ ಎಣ್ಣೆ ಟ್ಯಾಂಕು. ಪ್ರತಿ ಸಲವೂ ನಕ್ಷೆ ಹೊಸದು, ಹೊಸ ಒಪ್ಪಿಗೆ, ಮತ್ತೆ ಆರು ತಿಂಗಳು. ಅತ್ತ ಮಾರ್ಚ್ ಬಂತು. 31ರೊಳಗೆ ಖರ್ಚು ಮಾಡದಿದ್ದರೆ ಆ ವರ್ಷದ ಹಣ ವಾಪಸ್ ಹೋಗುತ್ತದೆ. ಮುಂದಿನ ವರ್ಷ ಅಷ್ಟೇ ಸಿಗುತ್ತದೆ ಅಂತ ಯಾವ ಗ್ಯಾರಂಟಿ? ಒಡಲಿಗೆ ಖರ್ಚು ಮಾಡುವ ಹಾಗಿಲ್ಲ, ಅದರ ನಕ್ಷೆಯೇ ಮುಗಿದಿಲ್ಲ. ಎಂಜಿನ್‌ಗೆ ಮಾಡಬಹುದು. ಮಾಡಿದರು.

"ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?" ಅಂತ ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಇವತ್ತಿಗೂ ಪೂರ್ತಿ ಇಲ್ಲ.

ಜನ ಆಡಿಟ್ ಅಂದರೆ ಕಳ್ಳನನ್ನು ಹಿಡಿಯುವುದು ಅಂದುಕೊಳ್ಳುತ್ತಾರೆ. ನನ್ನ ಇಷ್ಟು ವರ್ಷದಲ್ಲಿ ಕಳ್ಳರು ಸಿಕ್ಕಿದ್ದು ಕಡಿಮೆ. ಸಿಕ್ಕಿದ್ದು ಜಾಸ್ತಿ ಇಂಥವೇ. ಈ ಆರು ಬೋಟಿನಲ್ಲಿ ಒಬ್ಬನೂ ಒಂದು ರೂಪಾಯಿ ತಿಂದಿರಲಿಲ್ಲ. ಪ್ರತಿಯೊಬ್ಬನೂ ತನ್ನ ಪುಟಕ್ಕೆ ಸರಿಯಾಗಿ ಸಹಿ ಹಾಕಿದ್ದ. ದುಡ್ಡು ಮಾತ್ರ ಪುಟ ಮತ್ತು ಪುಟದ ನಡುವೆ ಸೋರಿಹೋಗಿತ್ತು. ದೊಡ್ಡ ಹಡಗುಗಳ ವರದಿ ಓದಿದಾಗ ನನಗೆ ಆಶ್ಚರ್ಯವಾಗದೇ ಇದ್ದದ್ದು ಇದಕ್ಕೇ. ಅಲ್ಲಿಯೂ ಉಕ್ಕು ಹೊತ್ತಿಗೆ ಬರಲಿಲ್ಲ. ಹಡಗು ಕಟ್ಟುತ್ತಾ ಇರುವಾಗಲೇ ಯಾವ ಆಯುಧ ಕೂರಿಸಬೇಕು ಅಂತ ತೀರ್ಮಾನವಾಗುತ್ತಿತ್ತು. ಕಟ್ಟಿದಷ್ಟು ಖರ್ಚು ಮತ್ತು ಅದರ ಮೇಲೆ ಲಾಭ ಕೊಡುವ ಕರಾರು. ನಮ್ಮ ಕ್ರೇನು, ಕ್ಯಾಬಿನ್, ಎಣ್ಣೆ ಟ್ಯಾಂಕೇ ಅದು. ಸೊನ್ನೆಗಳು ಜಾಸ್ತಿ, ಅಷ್ಟೇ.

ಶೆಟ್ಟರ ಪ್ರಶ್ನೆಗೆ ಬರುತ್ತೇನೆ. ಮೊದಲೇ ಯಾಕೆ ನೋಡುವುದಿಲ್ಲ? ನಮ್ಮಲ್ಲಿ ಒಂದೊಂದು ಹಡಗಿಗೂ ಸಂಸತ್ತಿನ ಒಪ್ಪಿಗೆ ಬೇಕಾಗುವುದಿಲ್ಲ. ದೊಡ್ಡ ಖರೀದಿಯನ್ನು ಒಪ್ಪುವುದು ಪ್ರಧಾನಿಯವರ ನೇತೃತ್ವದ ಭದ್ರತಾ ಸಂಪುಟ ಸಮಿತಿ. ಸಂಸತ್ತು ಒಪ್ಪುವುದು ಆ ವರ್ಷದ ಇಡೀ ಮೊತ್ತವನ್ನು. 1993ರಿಂದ ರಕ್ಷಣೆಗೆ ಒಂದು ಸ್ಥಾಯಿ ಸಮಿತಿ ಇದೆ. ಈಗ 31 ಸಂಸದರು, 21 ಲೋಕಸಭೆಯಿಂದ, 10 ರಾಜ್ಯಸಭೆಯಿಂದ. ಅವರು ಬಜೆಟ್ಟಿನ ಬೇಡಿಕೆಗಳನ್ನು ಕೂತು ನೋಡುತ್ತಾರೆ, ಅಧಿಕಾರಿಗಳನ್ನು ಕರೆದು ಕೇಳುತ್ತಾರೆ. ಆದರೆ ಸದನದಲ್ಲಿ ಎಷ್ಟೋ ಸಚಿವಾಲಯಗಳ ಬೇಡಿಕೆ ಚರ್ಚೆಗೇ ಬರುವುದಿಲ್ಲ. ಕೊನೆಯ ದಿನ ಹೊತ್ತು ಮುಗಿಯಿತು ಅಂತ ಎಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಅದಕ್ಕೆ ಗಿಲೊಟಿನ್ ಅನ್ನುತ್ತಾರೆ, ಫ್ರಾನ್ಸಿನಲ್ಲಿ ತಲೆ ಕತ್ತರಿಸುತ್ತಿದ್ದ ಯಂತ್ರದ ಹೆಸರು. ಹೆಸರಿಟ್ಟವನಿಗೆ ನಾಚಿಕೆ ಇರಲಿಲ್ಲ ಅನ್ನಿಸುತ್ತದೆ.

ಹೀಗಾಗಿ ಸಂಸತ್ತು ಒಂದು ಖರೀದಿಯನ್ನು ಹತ್ತಿರದಿಂದ ನೋಡುವುದು ಹೆಚ್ಚಾಗಿ ಆಮೇಲೆ. ನಮ್ಮ ಹಾಳೆಯ ಮೂಲಕ.

ನಮ್ಮ ಹಾಳೆ ಹೋದ ದಾರಿ ಹೀಗೆ. ಹಾಫ್ ಮಾರ್ಜಿನ್ ಇನ್‌ಸ್ಪೆಕ್ಷನ್ ರಿಪೋರ್ಟ್ ಆಯಿತು. ಅದರಲ್ಲಿ ಗಟ್ಟಿ ಅನ್ನಿಸಿದ್ದು ಡ್ರಾಫ್ಟ್ ಪ್ಯಾರಾ, ಅಂದರೆ ಸಿಎಜಿ ವರದಿಗೆ ಹಾಕಲು ಬರೆದ ಕರಡು, ಆಯಿತು. ಇಲ್ಲಿ ನನಗೆ ಬರವಣಿಗೆ ಅಂದರೆ ಏನು ಅಂತ ತಿಳಿಯಿತು. ನಾನು ಏಳು ಪುಟ ಬರೆದುಕೊಟ್ಟಿದ್ದೆ. ರಾಯರು ಅದನ್ನು ಎರಡು ಪುಟಕ್ಕೆ ಇಳಿಸಿದರು. ದಿಲ್ಲಿಯವರು ಒಂದು ಪುಟಕ್ಕೆ. ಪ್ರತಿ ವಾಕ್ಯದ ಪಕ್ಕ ಒಂದು ನಂಬರು. ಆ ನಂಬರಿಗೆ ಒಂದು ಕಾಗದದ ನಕಲು, ಸಹಿ ಮಾಡಿದ್ದು. ಕಾಗದ ಇಲ್ಲದ ವಾಕ್ಯಕ್ಕೆ ಜಾಗ ಇಲ್ಲ. 'ಬೇಜವಾಬ್ದಾರಿ' ಅಂತ ನಾನು ಬರೆದಿದ್ದೆ. ರಾಯರು ಕೆಂಪು ಪೆನ್ನಿನಲ್ಲಿ ಹೊಡೆದರು.

"ಯಾಕ್ರೀ ರಾಯರ? ನಿಜ ಅಲ್ವಾ?"

"ನಿಜ ಅದ. ಆದರ ಬೈಗುಳಕ್ಕ ವೌಚರ್ ಎಲ್ಲಿ ತರ್ತೀ? ತಾರೀಖು ಬರಿ. ತಾರೀಖ ಬೈತದ."

ಹಳೆಯ ಕಥೆಗಳನ್ನು ಹೇಳುವುದರಲ್ಲಿ ರಾಯರದು ಎತ್ತಿದ ಕೈ. ಹೊಸಬರಿಗೆ ಮೊದಲು ಹೇಳುತ್ತಿದ್ದದ್ದು 1948ರ ಜೀಪಿನ ಕಥೆ. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೈನ್ಯಕ್ಕೆ ಜೀಪು ಕೊಳ್ಳಲು 80 ಲಕ್ಷ ರೂಪಾಯಿಯ ಕರಾರು ಮಾಡಿದರು. ಬಂದಿಳಿದದ್ದು 155 ಜೀಪು, ಅವೂ ಕೆಲಸಕ್ಕೆ ಬಾರದವು. ಸಂಸತ್ತಿನಲ್ಲಿ ಗಲಾಟೆಯಾಯಿತು. 1955ರಲ್ಲಿ ಸರ್ಕಾರ ಆ ವಿಷಯ ಮುಗಿಯಿತು ಅಂದಿತು. 1957ರಲ್ಲಿ ಮೆನನ್ ರಕ್ಷಣಾ ಸಚಿವರೇ ಆದರು. ಇದನ್ನು ಹೇಳಿ ರಾಯರು ಸ್ವಲ್ಪ ಸುಮ್ಮನಾಗುತ್ತಿದ್ದರು. ಆಮೇಲೆ ಬೊಫೋರ್ಸ್, ಸ್ವೀಡನ್ನಿನಿಂದ ತೋಪು ಕೊಂಡ ಹಗರಣ. ಅದರ ಜಂಟಿ ಸಂಸದೀಯ ಸಮಿತಿಗೆ ಅಧ್ಯಕ್ಷರು ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದ. 1988ರಲ್ಲಿ ಅವರ ಸಮಿತಿ ಲಂಚ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ ಅಂದಿತು. ಮರುವರ್ಷ ಸಿಎಜಿ ಟಿ.ಎನ್. ಚತುರ್ವೇದಿಯವರ ವರದಿ ಬಂದು, ತೋಪು ಆರಿಸಿದ ಕ್ರಮದಲ್ಲೇ ತಪ್ಪು ಎತ್ತಿ ತೋರಿಸಿತು. ವಿರೋಧ ಪಕ್ಷದ ಸಂಸದರು ಗುಂಪಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. ಅದೇ ಚತುರ್ವೇದಿಯವರು 2002ರಲ್ಲಿ ಕರ್ನಾಟಕದ ರಾಜ್ಯಪಾಲರಾಗಿ ಬಂದಾಗ, ಅಷ್ಟರಲ್ಲಿ ರಿಟೈರಾಗಿದ್ದ ರಾಯರು ಧಾರವಾಡದಿಂದ ಫೋನ್ ಮಾಡಿದ್ದರು, "ನಮ್ಮ ಸಾಹೇಬ್ರು ಬಂದಾರೋ ತಮ್ಮಾ" ಅಂತ.

ಡ್ರಾಫ್ಟ್ ಪ್ಯಾರಾ ಸಚಿವಾಲಯದ ಕಾರ್ಯದರ್ಶಿಗೆ ಹೋಗುತ್ತದೆ. ಆರು ವಾರದಲ್ಲಿ ಉತ್ತರ ಕೊಡಬೇಕು. ಇದು 1960ರಿಂದ ಇರುವ ನಿಯಮ. ಆರು ವಾರ ಕಳೆಯಿತು. ನೆನಪೋಲೆ ಹೋಯಿತು. ಮತ್ತೊಂದು ಹೋಯಿತು. ಉತ್ತರ ಬರದಿದ್ದರೆ ಬರಲಿಲ್ಲ ಅಂತಲೇ ವರದಿಯಲ್ಲಿ ಅಚ್ಚು ಹಾಕುತ್ತಾರೆ. ಎಷ್ಟೋ ಪ್ಯಾರಾಗಳ ಕೊನೆಯ ಸಾಲು ಅದೇ. ನಮ್ಮದಕ್ಕೆ ಕೊನೆಯ ಗಳಿಗೆಯಲ್ಲಿ ಉತ್ತರ ಬಂತು. ಬೆಲೆ ಏರುವ ಮೊದಲು ಕೊಂಡೆವು ಎಂಬ ಹಳೆಯ ಮಾತೇ, ಲೆಟರ್‌ಹೆಡ್ ಮಾತ್ರ ದೊಡ್ಡದು. ಎಂಜಿನ್ ತಿರುಗಿಸಿದ ರಿಜಿಸ್ಟರ್ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ರಾಯರು ನನ್ನ ಬೆನ್ನು ತಟ್ಟಿದರು. ಉತ್ತರದಲ್ಲಿ ಯಾವುದನ್ನು ಬಿಟ್ಟಿದ್ದಾರೋ ಅದೇ ನಿಮ್ಮ ಪ್ಯಾರಾ ಅಂತ ಅವತ್ತು ಕಲಿತೆ.

2000ದಲ್ಲಿ ವರದಿ ಸಂಸತ್ತಿನ ಮುಂದೆ ಬಂತು. ಸಂವಿಧಾನದ 151ನೇ ವಿಧಿಯಂತೆ ಸಿಎಜಿ ವರದಿ ರಾಷ್ಟ್ರಪತಿಗೆ ಹೋಗಿ, ಅಲ್ಲಿಂದ ಎರಡೂ ಸದನಗಳ ಮೇಜಿನ ಮೇಲೆ ಬರುತ್ತದೆ. ಮುಂದೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದರೆ ಪಿಎಸಿ. ನಾನು ಮಾಟುಂಗಾದಲ್ಲಿ ಇಳಿದು ನಾಲ್ಕು ಪೇಪರ್ ಕೊಂಡೆ. ಒಂದರಲ್ಲೂ ನಮ್ಮ ಬೋಟು ಇರಲಿಲ್ಲ. ಅಲ್ಲೇ ಒಂದು ಉಡುಪಿ ಹೋಟೆಲಿನಲ್ಲಿ ಕೂತು ಇಡ್ಲಿ ತಿಂದು, ಪೇಪರ್‌ಗಳನ್ನು ಅಲ್ಲೇ ಬಿಟ್ಟು ಬಂದೆ.

ಪಿಎಸಿಯಲ್ಲಿ 22 ಸಂಸದರು. 15 ಲೋಕಸಭೆ, 7 ರಾಜ್ಯಸಭೆ. ಮಂತ್ರಿಗಳಿಗೆ ಜಾಗ ಇಲ್ಲ. 1967ರಿಂದ ಅಧ್ಯಕ್ಷರು ವಿರೋಧ ಪಕ್ಷದವರು. ಹಾಗೆ ಮೊದಲು ಕೂತವರು ಮಿನೂ ಮಸಾನಿ, ಒಂದು ಕಾಲದಲ್ಲಿ ಇದೇ ಮುಂಬಯಿಯ ಮೇಯರ್ ಆಗಿದ್ದವರು. ಈಚೆಗೆ ನಮ್ಮ ಮಲ್ಲಿಕಾರ್ಜುನ ಖರ್ಗೆಯವರೂ ಅಧ್ಯಕ್ಷರಾಗಿದ್ದರು. ಸಮಿತಿಯ ಆಯುಸ್ಸು ಒಂದು ವರ್ಷ. ವರದಿಗಳಲ್ಲಿ ನೂರಾರು ಪ್ಯಾರಾ. ಅವರು ಕೆಲವನ್ನು ಆರಿಸಿ, ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿ ಕೇಳುತ್ತಾರೆ. ನಮ್ಮ ಆರು ಬೋಟನ್ನು ಆರಿಸಲಿಲ್ಲ. ಆರಿಸುತ್ತಾರೆ ಅಂತ ಕಾದಿದ್ದವನು ನಾನೊಬ್ಬನೇ ಇರಬೇಕು. "ಅವರಿಗೆ ಬೋಟು ಸಾಲೂದಿಲ್ಲೋ, ಹಡಗು ಬೇಕು" ಅಂದಿದ್ದರು ರಾಯರು.

ಆದರೆ ಆ ಕೋಣೆಯನ್ನು ನಾನು ಒಮ್ಮೆ ನೋಡಿದ್ದೇನೆ. ಬೇರೆ ವಿಷಯಕ್ಕೆ, ಫೈಲು ಹೊರುವವನಾಗಿ. ರಾಜಧಾನಿ ಎಕ್ಸ್‌ಪ್ರೆಸ್ಸಿನಲ್ಲಿ ಮೂರು ಟ್ರಂಕು ಕಾಗದದ ಜೊತೆ ಹೋದೆವು. ಸಂಸತ್ ಭವನದ ಅನೆಕ್ಸ್ ಕಟ್ಟಡ. ದೊಡ್ಡ ಮೇಜು. ಅಧ್ಯಕ್ಷರ ಪಕ್ಕದಲ್ಲಿ ಸಿಎಜಿ. ಎದುರಿಗೆ ಕಾರ್ಯದರ್ಶಿ, ಅವರ ಹಿಂದೆ ಎರಡು ಸಾಲು ಅಧಿಕಾರಿಗಳು. ನಾನು ಗೋಡೆಗೆ ಒತ್ತಿಕೊಂಡ ಕುರ್ಚಿಯಲ್ಲಿ. ಒಳಗೆ ಏನು ಮಾತಾಯಿತು ಅಂತ ಹೇಳುವುದಿಲ್ಲ. ಅದು ಗುಟ್ಟಿನ ಕಲಾಪ, ವರದಿಯಾಗಿ ಸದನಕ್ಕೆ ಬಂದಷ್ಟೇ ಜನರದು. ನನ್ನ ಕಣ್ಣಿಗೆ ಬಿದ್ದದ್ದನ್ನು ಹೇಳಬಹುದು. ಒಬ್ಬ ವಯಸ್ಸಾದ ಸಂಸದರು, ಖಾದಿ ಜುಬ್ಬಾ, ವರದಿಯ ಪ್ರತಿ ಪುಟಕ್ಕೂ ಬಸ್ ಟಿಕೆಟ್ಟನ್ನು ಗುರುತಿಗೆ ಇಟ್ಟುಕೊಂಡಿದ್ದರು. ನಮ್ಮ ಕಚೇರಿಯವರಷ್ಟೇ ಓದಿದ್ದರು. ಅವರ ಪಕ್ಕದವರು ಒಂದೂವರೆ ಗಂಟೆ ಫೈಲು ಬಿಚ್ಚಲಿಲ್ಲ. ಎರಡೂ ಅದೇ ಮೇಜಿನಲ್ಲಿ. ಕಾರ್ಯದರ್ಶಿ ಪ್ರತಿ ಉತ್ತರಕ್ಕೂ ಹಿಂದೆ ತಿರುಗುತ್ತಿದ್ದರು, ಹಿಂದಿನಿಂದ ಚೀಟಿ ಬರುತ್ತಿತ್ತು. ಖರೀದಿಗೆ ಸಹಿ ಹಾಕಿದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಕೆಲವರು ರಿಟೈರಾಗಿದ್ದರು. ಉಳಿದವರು ವರ್ಗವಾಗಿದ್ದರು.

ನನಗೆ ಬೇಸರವಾದದ್ದು ಇದಕ್ಕೆ. ಉತ್ತರ ಹೇಳುವವರು ಒಬ್ಬರು, ಮಾಡಿದವರು ಇನ್ನೊಬ್ಬರು, ನಡುವೆ ಹತ್ತು ವರ್ಷ. ಸ್ಕಾರ್ಪೀನ್ ಜಲಾಂತರ್ಗಾಮಿಗಳನ್ನೇ ನೋಡಿ. ಆರು ಜಲಾಂತರ್ಗಾಮಿಗಳ ಕರಾರಿಗೆ 2005ರ ಅಕ್ಟೋಬರಿನಲ್ಲಿ ಸಹಿಯಾಯಿತು, 18,798 ಕೋಟಿ. ತೀರ್ಮಾನ ಮಾಡುವುದಕ್ಕೇ ಒಂಬತ್ತು ವರ್ಷ ತಡ ಮಾಡಿದ್ದರಿಂದ ಬೆಲೆ 2,838 ಕೋಟಿ ಏರಿತು ಅಂತ ಸಿಎಜಿ ಬರೆದರು. 2010ರಲ್ಲಿ ಮೊತ್ತ 23,562 ಕೋಟಿ ಆಯಿತು. ಮೊದಲನೆಯದು, ಕಲ್ವರಿ, ಮುಂಬಯಿಯಲ್ಲಿ ನೌಕಾಪಡೆಗೆ ಸೇರಿದ್ದು 2017ರ ಡಿಸೆಂಬರಿನಲ್ಲಿ. ಕೊನೆಯದು, ವಾಗ್ಶೀರ್, 2025ರ ಜನವರಿಯಲ್ಲಿ. ಯಾರನ್ನು ಕರೆದು ಕೂರಿಸುತ್ತೀರಿ? ಒಂದೇ ಕರಾರಿನ ಆಯುಸ್ಸಿನಲ್ಲಿ ಎಷ್ಟು ಪಿಎಸಿ ಬಂದು ಹೋದವು ಅಂತ ಲೆಕ್ಕ ಹಾಕಿ. ನಾನು ಹಾಕಿದ್ದೇನೆ, ಹೆಂಡತಿ ಬೈದಿದ್ದಾಳೆ.

ಆರಿಸದ ಪ್ಯಾರಾ ಸಾಯುವುದಿಲ್ಲ, ಅದೊಂದು ಸಮಾಧಾನ. 1997ರ ಏಪ್ರಿಲ್‌ನಲ್ಲಿ 11ನೇ ಲೋಕಸಭೆಯ ಪಿಎಸಿ ತನ್ನ 9ನೇ ವರದಿಯಲ್ಲಿ ಒಂದು ಮಾತು ಹೇಳಿತ್ತು. ಆರಿಸಲಿ ಬಿಡಲಿ, ಪ್ರತಿ ಪ್ಯಾರಾಕ್ಕೂ ಸಚಿವಾಲಯ ತಾನು ಏನು ಕ್ರಮ ತೆಗೆದುಕೊಂಡೆ ಅಂತ ನಾಲ್ಕು ತಿಂಗಳಲ್ಲಿ ಟಿಪ್ಪಣಿ ಕೊಡಬೇಕು, ಅದನ್ನು ಆಡಿಟ್ ನೋಡಿ ಸರಿ ಅನ್ನಬೇಕು. ನಾವು ಅದಕ್ಕೆ ಎಟಿಎನ್ ಅನ್ನುತ್ತೇವೆ. ಪೇಪರಿನಲ್ಲಿ ಯಾರೂ ಬರೆಯದ ಈ ನಿಯಮ ನನ್ನ ಪ್ರಕಾರ ಹತ್ತು ಭಾಷಣಕ್ಕಿಂತ ದೊಡ್ಡದು.

ನಾಲ್ಕು ತಿಂಗಳ ಟಿಪ್ಪಣಿ ನಾಲ್ಕು ವರ್ಷ ತೆಗೆದುಕೊಂಡಿತು. ಮೊದಲ ಕರಡಿನಲ್ಲಿ 'ಭವಿಷ್ಯದಲ್ಲಿ ಎಚ್ಚರ ವಹಿಸಲಾಗುವುದು' ಅಂತಿತ್ತು. ಏನು ಎಚ್ಚರ, ಯಾರಿಗೆ ಹೇಳಿದಿರಿ, ಆ ಕಾಗದ ಎಲ್ಲಿ ಅಂತ ಕೇಳಿ ವಾಪಸ್ ಕಳಿಸಿದೆವು. ಎರಡನೆಯದರಲ್ಲಿ ಒಂದು ಸುತ್ತೋಲೆಯ ಮಾತು ಬಂತು, ಸುತ್ತೋಲೆ ಇರಲಿಲ್ಲ. ಮತ್ತೆ ವಾಪಸ್. ಮೂರನೆಯ ಸಲ ಸುತ್ತೋಲೆಯೇ ಬಂತು: ಒಡಲನ್ನು ನೀರಿಗಿಳಿಸುವ ತಾರೀಕು ಗೊತ್ತಾಗದೆ ಎಂಜಿನ್ ತರಿಸಬಾರದು. ವಾರಂಟಿಯ ಬಗ್ಗೆ ಏನೂ ಇರಲಿಲ್ಲ. ಹೊಸ ಅಧಿಕಾರಿ, ಪರವಾಗಿಲ್ಲ ಸಾಕು ಬಿಡಿ ಅಂದರು. ನಾನು ಬಿಡಲಿಲ್ಲ. ಗೋದಾಮಿಗೆ ಬಂದ ದಿನ ಅನ್ನುವ ಮಾತನ್ನೇ ಕರಾರಿನ ನಮೂನೆಯಿಂದ ತೆಗೆಯಿರಿ ಅಂತ ಇನ್ನೊಂದು ಸಾಲು ಬರೆದು ಕಳಿಸಿದೆ. 2004ರಲ್ಲಿ ಅದೂ ಆಯಿತು. 'ಆಡಿಟ್‌ನಿಂದ ಇನ್ನು ಹೇಳುವುದೇನಿಲ್ಲ' ಅಂತ ಬರೆದು ಸಹಿ ಮಾಡಿದೆ. ಮಡಚಿದ ಹಾಳೆಯಿಂದ ಅಲ್ಲಿಗೆ ಎಂಟು ವರ್ಷ. ಮಾವ ಅಷ್ಟರಲ್ಲಿ ತೀರಿಕೊಂಡಿದ್ದರು.

ರಿಟೈರಾದ ಮೇಲೆ ಒಂದು ದಿನ ಫೋನು ಬಂತು. ಪುಣೆಯಲ್ಲಿರುವ ಹುಡುಗ, ಹಾವೇರಿ ಕಡೆಯವನು, ಈಗ ಆಡಿಟ್‌ನಲ್ಲಿ ಇದ್ದಾನೆ. ಅದೇ ಕಚೇರಿಯ ಹೊಸ ಬೋಟುಗಳ ಫೈಲು ನೋಡುತ್ತಿದ್ದನಂತೆ. ನನ್ನ ಹೆಸರು ಹಳೆಯ ಎಟಿಎನ್‌ನಲ್ಲಿ ಕಂಡನಂತೆ.

"ಸರ್, ನಿಮ್ಮ ಸುತ್ತೋಲೆ ಫೈಲಿನ ಮೊದಲ ಪುಟಕ್ಕೇ ಅಂಟಿಸಿದ್ದಾರೆ."

"ಒಳ್ಳೆಯದಾಯ್ತಲ್ಲಪ್ಪ."

"ಎಂಜಿನ್ ಮಾತ್ರ ಈ ಸಲವೂ ಮೊದಲೇ ತರಿಸಿದ್ದಾರೆ ಸರ್. ಮಾರ್ಚ್ 28ಕ್ಕೆ."

ನಾನು ನಕ್ಕೆ. ಅವನೂ ನಕ್ಕ. ಆಮೇಲೆ ಕೇಳಿದೆ, ವಾರಂಟಿ ಯಾವಾಗಿನಿಂದ ಅಂತ. ಕಾಗದ ತಿರುವುವ ಸದ್ದು ಕೇಳಿಸಿತು.

"ಬೋಟು ನೀರಿಗಿಳಿದು ಎಂಜಿನ್ ಚಾಲೂ ಮಾಡಿದ ದಿನದಿಂದ ಅಂತ ಇದೆ ಸರ್. ಈ ಸಾಲು ಯಾರು ಹಾಕಿಸಿದ್ದು ಅಂತ ಫೈಲಿನಲ್ಲಿ ಎಲ್ಲೂ ಇಲ್ಲ."

"ಇರೋದಿಲ್ಲ" ಅಂದೆ. "ಗೋದಾಮಿನಲ್ಲಿ ಎಂಜಿನ್ ತಿರುಗಿಸಿದ ರಿಜಿಸ್ಟರ್ ಇದೆಯಾ, ಅದನ್ನು ಕೇಳು."